ಸಂಬಳ ನಿಂತ ತಿಂಗಳು

ಮಳೆಗಾಲದ ಜ್ವರ ವಾರದಲ್ಲಿ ಇಳಿಯುತ್ತದೆ. ಅದು ಹೊರಿಸಿ ಹೋದ ಬಾಡಿಗೆ ಬಾಕಿ, ಕಂತು, ಕೈಸಾಲ ವರ್ಷವಾದರೂ ಇಳಿಯುವುದಿಲ್ಲ. ಆಸ್ಪತ್ರೆಯ ಬಿಲ್ಲಿಗೆ ಕಾರ್ಡು ಇದೆ, ಯೋಜನೆ ಇದೆ. ಹಾಸಿಗೆ ಹಿಡಿದ ದಿನಗಳ ಕೂಲಿಗೆ ಏನಿದೆ?

ಬೆಳಗಿನ ಎಂಟೂವರೆ. ಲಗ್ಗೆರೆಯ ಆ ವಠಾರದ ಬಾಗಿಲುಗಳಿಗೆಲ್ಲ ಬೀಗ ಬಿದ್ದಿದೆ, ಒಂದನ್ನು ಬಿಟ್ಟು. ಬೀಗವಿಲ್ಲದ ಮನೆಯೊಳಗೆ ಆಕೆ ಗೋಡೆಗೊರಗಿ ಕೂತು, ಬಿಸಿನೀರಿನ ಪಾತ್ರೆಯಲ್ಲಿ ಎರಡೂ ಕೈ ಅದ್ದಿಕೊಂಡಿದ್ದಾಳೆ. ಚಿಕೂನ್‌ಗುನ್ಯ. ಜ್ವರ ನಾಲ್ಕೇ ದಿನಕ್ಕೆ ಬಿಟ್ಟಿತು. ಬೆರಳ ಗಂಟುಗಳ ನೋವು ಮೂರು ವಾರವಾದರೂ ಬಿಟ್ಟಿಲ್ಲ.

ಗಾರ್ಮೆಂಟ್ಸ್‌ನಲ್ಲಿ ಆಕೆಯದು ಕಾಲರ್ ಹಚ್ಚುವ ಕೆಲಸ. ಬಟ್ಟೆಯ ಅಂಚನ್ನು ಹೆಬ್ಬೆರಳು, ತೋರುಬೆರಳಲ್ಲಿ ಹಿಡಿದು ಓಡುವ ಸೂಜಿಯ ಕೆಳಗೆ ತಿರುಗಿಸಬೇಕು. ಗಂಟೆಗೆ ಇಷ್ಟು ಪೀಸ್ ಎಂದು ಟಾರ್ಗೆಟ್ ಬೇರೆ. ಕಾಫಿ ಲೋಟ ಹಿಡಿದರೆ ನಡುಗುವ ಕೈಗೆ ಅದು ಆಗದು.

ಓನರ್ ಆಂಟಿ ಮೇಲಿನ ಮಹಡಿಯಿಂದ ಇಳಿದು ಬಂದು ಬಾಗಿಲಲ್ಲಿ ನಿಲ್ಲುತ್ತಾರೆ. "ಕೈ ಹೇಗಿದೆಯಮ್ಮ ಈಗ? ಏಳನೇ ತಾರೀಕಾಯ್ತಲ್ಲ..."

"ಇನ್ನೊಂದ್ ಹತ್ ದಿನ ತಡ್ಕೊಳಿ ಆಂಟಿ. ಆಗ್ಲಿಲ್ಲ ಅಂದ್ರೆ ಅಡ್ವಾನ್ಸಲ್ಲೇ ಹಿಡ್ಕೊಂಬಿಡಿ."

ಆಂಟಿ ಕೆಟ್ಟವರಲ್ಲ. ಮಹಡಿ ಕಟ್ಟಿಸಿದ ಸಾಲದ ಕಂತು ಅವರಿಗೂ ಇದೆ, ಅದು ನಡೆಯುವುದು ಇದೇ ಬಾಡಿಗೆಗಳ ಮೇಲೆ. ಅವರು ತಲೆಯಾಡಿಸಿ ಹೊರಡುತ್ತಾರೆ. ಗೋಡೆಯ ಕ್ಯಾಲೆಂಡರಿನಲ್ಲಿ ಪೆನ್ನಿನ ಗುರುತುಗಳಿವೆ: ಐದಕ್ಕೆ ಹಾಲು, ಏಳಕ್ಕೆ ಬಾಡಿಗೆ, ಹತ್ತಕ್ಕೆ ಸ್ಕೂಲ್ ವ್ಯಾನು, ಹದಿನೈದಕ್ಕೆ ಚೀಟಿ. ಪ್ರತಿ ಬುಧವಾರದ ಮೇಲೂ 'ಸಂಘ' ಎಂದು ಬರೆದಿದೆ.

ಈ ಮನೆ ಲಗ್ಗೆರೆಯದೇ ಆಗಬೇಕಿಲ್ಲ. ಬೊಮ್ಮನಹಳ್ಳಿ, ಮೈಸೂರು ರಸ್ತೆ, ದೊಡ್ಡಬಳ್ಳಾಪುರ, ಮದ್ದೂರು, ಎಲ್ಲಿ ತಿಂಗಳ ಸಂಬಳ ಬಂದ ವಾರದಲ್ಲೇ ಹಂಚಿಹೋಗುತ್ತದೋ ಅಲ್ಲೆಲ್ಲ ಈ ಕ್ಯಾಲೆಂಡರು ಇದೆ. ಮಳೆ ಶುರುವಾಗಿ ನೀರು ನಿಂತು ಸೊಳ್ಳೆ ಎದ್ದಾಗ ಇಂಥ ಮನೆಗಳಲ್ಲಿ ಹುಟ್ಟುವ ಹೆದರಿಕೆ ಎರಡು ಬಗೆಯದು. ಜ್ವರದ ಹೆದರಿಕೆಯ ಬಗ್ಗೆ ಎಲ್ಲರೂ ಮಾತಾಡುತ್ತೇವೆ. ಇನ್ನೊಂದು, 'ರಜೆ ಹಾಕಿದರೆ ಗತಿಯೇನು' ಎಂಬ ಹೆದರಿಕೆ. ಅದನ್ನು ಬಹಳ ಮಂದಿ ಬಾಯಿ ಬಿಟ್ಟು ಹೇಳುವುದೂ ಇಲ್ಲ.

ಲೆಕ್ಕಕ್ಕೆ ಬಾರದ ನಷ್ಟ

2024ರ ಜುಲೈಯಲ್ಲಿ ಡೆಂಗಿ ಏರಿದಾಗ ರಾಜ್ಯ ಸರ್ಕಾರ ಖಾಸಗಿ ಲ್ಯಾಬುಗಳ ದರಕ್ಕೆ ಮಿತಿ ಹಾಕಿತು: ಎನ್‌ಎಸ್1 ಪರೀಕ್ಷೆಗೆ 300 ರೂಪಾಯಿ, ಐಜಿಎಂ ಪರೀಕ್ಷೆಗೆ 300. ಆ ಸೆಪ್ಟೆಂಬರಿನಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡವನ್ನೂ ಗೊತ್ತುಮಾಡಿತು. ಒಳ್ಳೆಯ ಕೆಲಸಗಳೇ. ಆದರೆ ದಿನಕ್ಕೆ 450 ರೂಪಾಯಿ ದುಡಿಯುವ ಹೆಣ್ಣುಮಗಳ ಲೆಕ್ಕ ಹಾಕಿ ನೋಡಿ. ಎರಡೂ ಪರೀಕ್ಷೆಗೆ 600 ಆಯಿತು. ಹದಿನೈದು ದಿನ ಮಲಗಿದರೆ ಹೋದ ಕೂಲಿ 6,750. ಪರೀಕ್ಷೆಯ ಹತ್ತು ಪಟ್ಟಿಗಿಂತ ಹೆಚ್ಚು.

ದೇಶದ ಲೆಕ್ಕದಲ್ಲೂ ಈ ನಷ್ಟ ಕಾಣುವುದಿಲ್ಲ. ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರದ ಪ್ರಕಾರ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ಕೈಯಿಂದ ಹಾಕುವ ಪಾಲು 2013-14ರಲ್ಲಿ ಶೇ 64.2 ಇದ್ದದ್ದು 2021-22ರಲ್ಲಿ ಶೇ 39.4ಕ್ಕೆ ಇಳಿದಿದೆ. ಸಂತೋಷದ ಸುದ್ದಿ. ಆದರೆ ಆ ಲೆಕ್ಕದಲ್ಲಿ ಬರುವುದು ಡಾಕ್ಟರ ಫೀಸು, ಮಾತ್ರೆ, ಪರೀಕ್ಷೆ, ವಾರ್ಡು. ನಿಂತುಹೋದ ಸಂಬಳಕ್ಕೆ ಅದರಲ್ಲಿ ಕಾಲಂ ಇಲ್ಲ.

ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಹೃದಯದ ಆಪರೇಷನ್ ಬಿಡಿಗಾಸಿಲ್ಲದೆ ಮುಗಿಸಿಕೊಂಡು ಮನೆಗೆ ಬರಬಹುದು. ಬಂದ ಮೇಲೆ ಮೂರು ತಿಂಗಳು ಭಾರ ಎತ್ತಬೇಡಿ ಎಂದು ಡಾಕ್ಟರು ಹೇಳಿ ಕಳಿಸಿರುತ್ತಾರೆ. ಎಪಿಎಂಸಿಯಲ್ಲಿ ಮೂಟೆ ಹೊರುವವನಿಗೆ ಅದರರ್ಥ ಮೂರು ತಿಂಗಳು ದುಡಿಮೆ ಇಲ್ಲ. ಆಸ್ಪತ್ರೆ ಉಳಿಸಿಕೊಟ್ಟ ಜೀವ ಮನೆಗೆ ಬಂದು ಸಾಲಕ್ಕೆ ಸಿಕ್ಕಿಕೊಳ್ಳುವುದು ಹೀಗೆ.

ಮಲಗಿದ ದಿನಕ್ಕೂ ಕೂಲಿ

ಕಾಯಿಲೆ ಬಿದ್ದ ಕಾರ್ಮಿಕನಿಗೆ ಔಷಧ ಮಾತ್ರವಲ್ಲ, ಕೂಲಿಯ ಪಾಲೂ ಸಿಗಬೇಕು ಎಂಬ ಮಾತು ನಮ್ಮಲ್ಲಿ ಹೊಸದಲ್ಲ. ಅಂಬೇಡ್ಕರ್ ಅವರು ವೈಸ್‌ರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡುತ್ತಿದ್ದ ಕಾಲದಲ್ಲಿ, 1943ರಲ್ಲಿ, ಪ್ರೊ. ಬಿ.ಪಿ. ಅಡಾರ್ಕರ್ ಅವರಿಗೆ ಅಂಥ ಯೋಜನೆ ರೂಪಿಸುವ ಹೊಣೆ ಬಂತು. 1944ರಲ್ಲಿ ಅವರು ವರದಿ ಕೊಟ್ಟರು. ಅದರ ತಳಹದಿಯ ಮೇಲೆ 1948ರ ನೌಕರರ ರಾಜ್ಯ ವಿಮಾ ಕಾಯ್ದೆ, ಅಂದರೆ ಇಎಸ್‌ಐ ಕಾಯ್ದೆ ಬಂತು. 1952ರ ಫೆಬ್ರವರಿ 24ರಂದು ಕಾನ್ಪುರದಲ್ಲಿ ಯೋಜನೆಗೆ ಚಾಲನೆ ಕೊಟ್ಟವರು ಜವಾಹರಲಾಲ್ ನೆಹರೂ. ಬೆಂಗಳೂರಿಗೆ ಅದು 1958ರಲ್ಲಿ ಬಂತು. ಈಗ ಹಳೆಯ ಕಾಯ್ದೆಯ ಜಾಗದಲ್ಲಿ 2020ರ ಸಾಮಾಜಿಕ ಭದ್ರತಾ ಸಂಹಿತೆ ಇದೆ. ಅದು ಜಾರಿಯಾದದ್ದು 2025ರ ನವೆಂಬರ್ 21ರಂದು. ಇಎಸ್‌ಐ ಅದರೊಳಗೆ ಮುಂದುವರಿದಿದೆ.

ಇಎಸ್‌ಐ ಎಂದರೆ ಬಹಳ ಮಂದಿಗೆ ಆಸ್ಪತ್ರೆ. ರಾಜಾಜಿನಗರದ ದೊಡ್ಡ ಕಟ್ಟಡ, ಪೀಣ್ಯದ ಆಸ್ಪತ್ರೆ, ಉದ್ದದ ಸಾಲು. ಅದೇ ಕಾರ್ಡಿನಲ್ಲಿ ಕಾಯಿಲೆಯ ದಿನಗಳ ಸಂಬಳವೂ ಇದೆ ಎಂಬುದು ಎಷ್ಟೋ ಕಾರ್ಮಿಕರಿಗೆ ತಿಳಿದಿಲ್ಲ. ತಿಳಿಸುವ ಹೊಣೆಯನ್ನು ಕಾರ್ಖಾನೆಗಳೂ ಮೈಮೇಲೆ ಹಾಕಿಕೊಳ್ಳುವುದಿಲ್ಲ.

---

■ ಪೇ ಸ್ಲಿಪ್‌ನ ಆ ನೂರು ರೂಪಾಯಿ

ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರು ಇಎಸ್‌ಐ ವ್ಯಾಪ್ತಿಗೆ ಬರುತ್ತಾರೆ. ಅಂಗವಿಕಲರಿಗೆ ಈ ಮಿತಿ 25,000. ನೌಕರರ ಸಂಬಳದಿಂದ ಶೇ 0.75 ಕಡಿತ, ಮಾಲೀಕರಿಂದ ಶೇ 3.25 ವಂತಿಗೆ. ಈ ದರ 2019ರ ಜುಲೈನಿಂದ ಜಾರಿಯಲ್ಲಿದೆ. 13,500 ಸಂಬಳದವರಿಗೆ ತಿಂಗಳಿಗೆ ನೂರು ರೂಪಾಯಿಯಷ್ಟು ಕಡಿತವಾದರೆ ಮಾಲೀಕರು ಸುಮಾರು 439 ರೂಪಾಯಿ ಸೇರಿಸಬೇಕು.

ಕಾಯಿಲೆ ಬಿದ್ದರೆ ದಿನದ ಸರಾಸರಿ ಕೂಲಿಯ ಶೇ 70, ವರ್ಷಕ್ಕೆ 91 ದಿನಗಳವರೆಗೆ. ದಿನಕ್ಕೆ 450 ಇದ್ದವರಿಗೆ 315 ರೂಪಾಯಿ. ಮೊದಲ ಎರಡು ದಿನ ಕಾಯುವ ದಿನಗಳು, ಅವಕ್ಕೆ ಹಣ ಇಲ್ಲ.

ಕ್ಷಯ, ಕ್ಯಾನ್ಸರ್ ಮುಂತಾದ 34 ದೀರ್ಘಕಾಲದ ಕಾಯಿಲೆಗಳಿಗೆ ಶೇ 80, ಎರಡು ವರ್ಷದವರೆಗೆ. ಇದಕ್ಕೆ ಎರಡು ವರ್ಷ ಸತತ ಕೆಲಸ ಮಾಡಿರಬೇಕು.

ಕೆಲಸದ ಜಾಗದಲ್ಲಿ ಪೆಟ್ಟಾದರೆ ಶೇ 90. ಅದಕ್ಕೆ ಹಳೆಯ ವಂತಿಗೆಯ ಷರತ್ತಿಲ್ಲ. ಕೆಲಸಕ್ಕೆ ಸೇರಿದ ಮೊದಲ ದಿನದಿಂದಲೇ ರಕ್ಷಣೆ.

---

ಇಲ್ಲಿ ಒಂದು ತಿರುವಿದೆ. ವರ್ಷವನ್ನು ಇಎಸ್‌ಐ ಎರಡು ಭಾಗ ಮಾಡುತ್ತದೆ. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಕಟ್ಟಿದ ವಂತಿಗೆ ಮುಂದಿನ ಜುಲೈ–ಡಿಸೆಂಬರ್‌ನ ಕಾಯಿಲೆಗೆ, ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನದು ಮರುವರ್ಷದ ಜನವರಿ–ಜೂನ್‌ಗೆ. ಆಯಾ ಅವಧಿಯಲ್ಲಿ ಕನಿಷ್ಠ 78 ದಿನದ ವಂತಿಗೆ ಬಿದ್ದಿರಬೇಕು. ಅಂದರೆ ಆಗಸ್ಟಿನ ಜ್ವರಕ್ಕೆ ಹಣ ಸಿಗುತ್ತದೋ ಇಲ್ಲವೋ ಎನ್ನುವುದನ್ನು ಕಳೆದ ಚಳಿಗಾಲದ ಹಾಜರಿ ತೀರ್ಮಾನಿಸುತ್ತದೆ.

ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಬೀಳುವ ಗುಂಡಿ ಇದೇ. ಮಗುವಿಗೆ ಹುಷಾರಿಲ್ಲವೆಂದೋ, ಸೂಪರ್‌ವೈಸರ್ ಬೈಗುಳ ತಾಳದೆಯೋ ಒಂದು ಫ್ಯಾಕ್ಟರಿ ಬಿಟ್ಟು ನಾಲ್ಕು ತಿಂಗಳ ನಂತರ ಇನ್ನೊಂದಕ್ಕೆ ಸೇರುತ್ತಾರೆ. ಹೊಸ ಕಡೆ ಹಳೆಯ ಇಎಸ್‌ಐ ನಂಬರ್ ಹೇಳದಿದ್ದರೆ ಇನ್ನೊಂದು ನಂಬರ್ ಹುಟ್ಟುತ್ತದೆ, ಹಳೆಯ ವಂತಿಗೆ ಎಲ್ಲೋ ಉಳಿಯುತ್ತದೆ. ಕೆಲಸ ಬದಲಾದರೂ ನಂಬರ್ ಬದಲಾಗಬಾರದು. ಇದನ್ನು ಮನೆಯ ಗೋಡೆಯ ಮೇಲೆ ಬರೆದಿಟ್ಟುಕೊಂಡರೂ ತಪ್ಪಿಲ್ಲ.

ಒಂದು ಚೀಟಿಯ ಬೆಲೆ

ಇನ್ನೊಂದು ಗುಂಡಿ ಡಾಕ್ಟರ ಚೀಟಿ. ರಾತ್ರಿ ಜ್ವರ ಏರಿದಾಗ ಯಾರೂ ಇಎಸ್‌ಐ ಡಿಸ್ಪೆನ್ಸರಿ ಹುಡುಕಿಕೊಂಡು ಹೋಗುವುದಿಲ್ಲ. ಬೀದಿ ಕೊನೆಯ ಕ್ಲಿನಿಕ್ಕಿಗೆ ಹೋಗುತ್ತಾರೆ. ಅಲ್ಲಿ ಇಂಜೆಕ್ಷನ್ನು, ಗ್ಲೂಕೋಸು, ಮಾತ್ರೆ. ಹತ್ತು ದಿನ ಕಳೆದು ಎದ್ದು ಫ್ಯಾಕ್ಟರಿಗೆ ಹೋಗಿ ಕ್ಲಿನಿಕ್ಕಿನ ಚೀಟಿ ತೋರಿಸುತ್ತಾರೆ. ರಜೆಯೇನೋ ಮನ್ನಾ ಆಗುತ್ತದೆ. ಸಂಬಳ ಬರುವುದಿಲ್ಲ, ಇಎಸ್‌ಐ ಹಣವೂ ಬರುವುದಿಲ್ಲ.

ಕಾರಣ ಸರಳ. ಕಾಯಿಲೆಯ ಕೂಲಿಗೆ ಆಧಾರ ಇಎಸ್‌ಐ ವೈದ್ಯರು ಕೊಡುವ ಸರ್ಟಿಫಿಕೇಟು. ಮೊದಲ ಸಲ ನೋಡಿದಾಗ ಒಂದು, ಕಾಯಿಲೆ ಮುಂದುವರಿದರೆ ನಡುನಡುವೆ ಇನ್ನಷ್ಟು, ಕೆಲಸಕ್ಕೆ ಮರಳಲು ಫಿಟ್ ಎಂದು ಕೊನೆಯದು. ಈ ಕಾಗದಗಳು ಬ್ರಾಂಚ್ ಆಫೀಸಿಗೆ ಸೇರಿದರೆ ಹಣ ನೇರ ಬ್ಯಾಂಕ್ ಖಾತೆಗೆ ಬೀಳುತ್ತದೆ. ಮೊದಲ ಚೀಟಿಯೇ ಇಲ್ಲದಿದ್ದರೆ ಉಳಿದ ಯಾವುದೂ ನಡೆಯುವುದಿಲ್ಲ.

ಹಾಗಾಗಿ ರಾತ್ರಿ ಎಲ್ಲಿ ಬೇಕಾದರೂ ತೋರಿಸಿಕೊಳ್ಳಿ, ಮರುದಿನ ಬೆಳಿಗ್ಗೆ ಮನೆಯವರ ಕೈ ಹಿಡಿದಾದರೂ ಇಎಸ್‌ಐ ಡಿಸ್ಪೆನ್ಸರಿಗೆ ಹೋಗಿ ಹೆಸರು ಬರೆಸಿ. ಜ್ವರದ ಮೈಯಲ್ಲಿ ಬಸ್ಸು ಹತ್ತಿ ಹೋಗು ಎನ್ನುವುದು ಕ್ರೂರ, ನಿಜ. ರೋಗಿಯನ್ನು ಚೀಟಿಗಾಗಿ ಅಲೆಸುವ ಈ ಪದ್ಧತಿಯನ್ನು ಇಎಸ್‌ಐ ನಿಗಮ ಸಡಿಲಗೊಳಿಸಬೇಕು. ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ (ಕೆಪಿಎಂಇ) ನೋಂದಣಿ ಇರುವ ಕ್ಲಿನಿಕ್ಕುಗಳ ಚೀಟಿಯನ್ನು ಮೊದಲ ವಾರಕ್ಕಾದರೂ ಒಪ್ಪಿಕೊಂಡರೆ ಸಾವಿರಾರು ಮನೆಗಳ ಒಂದು ತಿಂಗಳು ಉಳಿಯುತ್ತದೆ. ಅಲ್ಲಿಯವರೆಗೆ ಇಎಸ್‌ಐ ಚೀಟಿಯೇ ದಿಕ್ಕು.

ಮತ್ತೊಂದು ಭಯ: ತಿಂಗಳು ಮಲಗಿದರೆ ಕೆಲಸದಿಂದ ತೆಗೆದುಬಿಟ್ಟಾರು. ಇಎಸ್‌ಐ ಕಾಯಿಲೆ ಸವಲತ್ತು ಪಡೆಯುತ್ತಿರುವವರನ್ನು ಆ ಅವಧಿಯಲ್ಲಿ ಕೆಲಸದಿಂದ ತೆಗೆಯಬಾರದು, ಶಿಕ್ಷಿಸಬಾರದು ಎಂದು 1948ರ ಕಾಯ್ದೆಯ 73ನೇ ಕಲಮಿನಲ್ಲೇ ಬರೆದಿತ್ತು. ಆ ಬಲವೂ ಚೀಟಿ ಇದ್ದವರಿಗೆ ಮಾತ್ರ ಇತ್ತು.

ಪಿಎಫ್ ಎಂಬ ಸೆರಗಿನ ಗಂಟು

2016ರ ಏಪ್ರಿಲ್ ತಿಂಗಳಲ್ಲಿ ಬೆಂಗಳೂರು ಕಂಡ ದೃಶ್ಯವನ್ನು ಮರೆಯಲಾಗದು. ಯಾವ ದೊಡ್ಡ ಸಂಘಟನೆಯೂ ಕರೆಯದೆ, ಗಾರ್ಮೆಂಟ್ಸ್‌ನ ಸಾವಿರಾರು ಹೆಣ್ಣುಮಕ್ಕಳು ಹೊಸೂರು ರಸ್ತೆಗೆ, ತುಮಕೂರು ರಸ್ತೆಗೆ ಇಳಿದರು. ಮಾಲೀಕರ ಪಾಲಿನ ಪಿಎಫ್ ಹಣವನ್ನು 58 ವರ್ಷದವರೆಗೆ ಮುಟ್ಟುವಂತಿಲ್ಲ ಎಂಬ ಹೊಸ ನಿಯಮದ ವಿರುದ್ಧ ಆ ಸಿಟ್ಟು. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ನಿಯಮ ಹಿಂತೆಗೆದುಕೊಂಡಿತು.

ದೂರದಿಂದ ನೋಡಿದವರು 'ಮುಪ್ಪಿನ ಹಣಕ್ಕೆ ಈಗಲೇ ಯಾಕೆ ಆತುರ' ಎಂದು ಕೇಳಿದರು. ಆ ಹೆಣ್ಣುಮಕ್ಕಳ ಮನೆಯ ಒಳಗನ್ನು ಬಲ್ಲವರಿಗೆ ಆತುರ ಅರ್ಥವಾಗುತ್ತಿತ್ತು. ಅವರಿಗೆ ಪಿಎಫ್ ಎಂದರೆ ಮುಪ್ಪಿನ ಹಣ ಆಮೇಲೆ. ಮೊದಲು ಕಾಯಿಲೆಯ ಹಣ, ಹೆರಿಗೆಯ ಹಣ, ಸಂಬಳ ನಿಂತ ತಿಂಗಳ ಹಣ. ಎಷ್ಟೋ ಮಂದಿ ಕೆಲಸ ಬಿಡುವುದೇ ಪಿಎಫ್ ತೆಗೆಯಲು. ತೆಗೆದು, ಸಾಲ ತೀರಿಸಿ, ಬೇರೆ ಫ್ಯಾಕ್ಟರಿಗೆ ಹೊಸದಾಗಿ ಸೇರುತ್ತಾರೆ. ಮೇಲೆ ಹೇಳಿದ 78 ದಿನದ ಲೆಕ್ಕ ತಪ್ಪುವುದು ಇಂಥ ಹೊತ್ತಿನಲ್ಲೇ.

ಕಾಯಿಲೆಗೆ ಪಿಎಫ್‌ನಿಂದ ಮುಂಗಡ ತೆಗೆಯಲು ಕೆಲಸ ಬಿಡಬೇಕಾಗಿಲ್ಲ. ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು. 5 ಲಕ್ಷದವರೆಗಿನ ಮುಂಗಡದ ಅರ್ಜಿಗಳು ತಾವಾಗಿ ಇತ್ಯರ್ಥವಾಗುವ ವ್ಯವಸ್ಥೆ 2025ರ ಜೂನ್‌ನಲ್ಲಿ ಬಂದಿದೆ. ಆಧಾರ್, ಬ್ಯಾಂಕ್ ಖಾತೆ, ಹೆಸರಿನ ಕಾಗುಣಿತ ಮೂರೂ ಹೊಂದಬೇಕು. ಆರೋಗ್ಯವಾಗಿರುವಾಗಲೇ ಇದನ್ನು ಸರಿ ಮಾಡಿಟ್ಟುಕೊಳ್ಳಿ. ಜ್ವರ ಬಂದ ಮೇಲೆ 'ಲಕ್ಷ್ಮಮ್ಮ'ನನ್ನು 'ಲಕ್ಷ್ಮಿ' ಮಾಡಿಸಲು ಸೈಬರ್ ಸೆಂಟರ್ ಮುಂದೆ ನಿಲ್ಲುವ ಶಕ್ತಿ ಇರುವುದಿಲ್ಲ.

ಬುಧವಾರದ ಕಂತು

ಕ್ಯಾಲೆಂಡರಿನ ಎಲ್ಲ ಗುರುತುಗಳಲ್ಲಿ ಹೆಚ್ಚು ಭಾರದ್ದು 'ಸಂಘ'. ಜನ ಸಂಘದ ಸಾಲ ಎನ್ನುವುದು ಮೈಕ್ರೋಫೈನಾನ್ಸ್ ಸಾಲವನ್ನು. ವಾರಕ್ಕೊಮ್ಮೆ ಯಾರದೋ ಮನೆ ಜಗುಲಿಯಲ್ಲಿ ಹೆಣ್ಣುಮಕ್ಕಳು ಸೇರುತ್ತಾರೆ, ಪುಸ್ತಕ ತೆರೆಯುತ್ತದೆ. ಒಬ್ಬಳು ಕಟ್ಟದಿದ್ದರೆ ಉಳಿದವರು ಎದ್ದು ಹೋಗುವ ಹಾಗಿಲ್ಲ. "ನಿನ್ ಕಂತು ನಾವ್ ಕಟ್ಬೇಕಾಗತ್ತೆ ಕಣೇ" ಎಂಬ ಮಾತು ಬರುವುದು ನಿನ್ನೆ ಗಂಜಿ ಮಾಡಿ ತಂದುಕೊಟ್ಟ ಅಕ್ಕನ ಬಾಯಿಂದಲೇ. ಕಾಯಿಲೆ ಬಿದ್ದವಳಿಗೆ ಇದಕ್ಕಿಂತ ದೊಡ್ಡ ನೋವಿಲ್ಲ.

2022ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕ್ ನಿಯಮದಂತೆ ವರ್ಷಕ್ಕೆ 3 ಲಕ್ಷದವರೆಗೆ ಆದಾಯ ಇರುವ ಮನೆಗೆ ಒತ್ತೆ ಇಲ್ಲದೆ ಕೊಡುವ ಸಾಲ ಮೈಕ್ರೋಫೈನಾನ್ಸ್ ಸಾಲ. ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು. ನಿಯಮ ಒಳ್ಳೆಯದೇ. ಆದರೆ ಈ ಅರ್ಧದ ಲೆಕ್ಕ ಸಂಬಳ ಬರುವ ತಿಂಗಳದ್ದು. ಇಬ್ಬರು ದುಡಿಯುವ ಮನೆಯಲ್ಲಿ ಒಬ್ಬರು ಮಲಗಿದರೆ ಆ ಅರ್ಧವೇ ಇಡಿಯಾಗುತ್ತದೆ, ಒಲೆಗೆ ಏನೂ ಉಳಿಯುವುದಿಲ್ಲ. ಸಾಲದ ಜೊತೆ ಕಟ್ಟಿಸಿಕೊಳ್ಳುವ ವಿಮೆ ಸಾಮಾನ್ಯವಾಗಿ ಸತ್ತರೆ ಸಾಲ ತೀರಿಸುವಂಥದು. ಮಲಗಿದವರ ಕಂತಿಗೆ ಅದು ಒದಗುವುದಿಲ್ಲ.

2025ರ ಜನವರಿಯಲ್ಲಿ ಚಾಮರಾಜನಗರ, ಮೈಸೂರು ಮುಂತಾದ ಕಡೆ ಮನೆಗೆ ಬೀಗ ಹಾಕಿ ಊರು ಬಿಟ್ಟ ಕುಟುಂಬಗಳ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. ಅದರ ಬೆನ್ನಿಗೇ, ಫೆಬ್ರವರಿ 12ರಂದು, ಕಿರುಸಾಲ ವಸೂಲಿಯ ಕಿರುಕುಳ ತಡೆಯುವ ರಾಜ್ಯ ಸುಗ್ರೀವಾಜ್ಞೆ ಬಂತು. 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಅದರ ಗುರಿ ಮುಖ್ಯವಾಗಿ ನೋಂದಣಿ ಇಲ್ಲದೆ ಸಾಲ ಕೊಡುವವರು. ರಿಸರ್ವ್ ಬ್ಯಾಂಕ್ ಅಡಿ ಬರುವ ಕಂಪನಿಗಳಿಗೆ ಅದರದೇ ನಿಯಮಗಳಿವೆ.

---

■ ವಸೂಲಿಗೆ ಬಂದವರು ಮೀರುವಂತಿಲ್ಲ

ಮೈಕ್ರೋಫೈನಾನ್ಸ್ ಸಾಲಕ್ಕಾಗಿ ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಫೋನ್ ಮಾಡುವಂತಿಲ್ಲ. ಬೇರೆ ಸಾಲಗಳ ವಸೂಲಿ ಏಜೆಂಟರಿಗೆ ಈ ಗಡಿ ಬೆಳಿಗ್ಗೆ 8, ಸಂಜೆ 7.

ಇಬ್ಬರೂ ಒಪ್ಪಿದ ಜಾಗದಲ್ಲೇ ಕಂತು ಪಡೆಯಬೇಕು. ಆ ಜಾಗಕ್ಕೆ ಎರಡು ಸಲ ಸತತವಾಗಿ ಬಾರದಿದ್ದರೆ ಮಾತ್ರ ಮೈಕ್ರೋಫೈನಾನ್ಸ್ ಸಿಬ್ಬಂದಿ ಮನೆಗೆ ಬರಬಹುದು. ಬೈಗುಳ, ಬೆದರಿಕೆ, ನೆಂಟರಿಷ್ಟರಿಗೆ, ಜೊತೆ ಕೆಲಸದವರಿಗೆ ಕಿರುಕುಳ ಯಾವುದೂ ಸಲ್ಲದು.

ಕಂತು ತಪ್ಪಿದ್ದಕ್ಕೆ ಹಾಕುವ ದಂಡದ ಮೇಲೆ ಮತ್ತೆ ಬಡ್ಡಿ ಬೆಳೆಸುವಂತಿಲ್ಲ.

ಮೊದಲು ಕಂಪನಿಗೇ ಬರೆದು ದೂರು ಕೊಡಿ. 30 ದಿನದಲ್ಲಿ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್, ಸಹಾಯವಾಣಿ 14448.

---

ಯಾವುದು ಮೊದಲು?

ಕೈಯಲ್ಲಿ ಮೂರು ಸಾವಿರ, ಎದುರಿಗೆ ಹತ್ತು ಸಾವಿರದ ಬಿಲ್ಲು. ಆಗ ಬಹಳ ಮಂದಿ ಮೊದಲು ಕೊಡುವುದು ಹೆಚ್ಚು ಕೂಗಾಡುವವರಿಗೆ. ಅದು ಬೇಡ. ಊಟ, ಮಾತ್ರೆ, ತಲೆಯ ಮೇಲಿನ ಸೂರು. ಉಳಿದದ್ದೆಲ್ಲ ಆಮೇಲೆ. ಇದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ.

ಬಾಡಿಗೆಯ ಮಾತನ್ನು ತಾರೀಕು ದಾಟುವ ಮೊದಲೇ ಆಡಬೇಕು. ಬೆಂಗಳೂರಿನಲ್ಲಿ ಹಲವು ತಿಂಗಳ ಬಾಡಿಗೆಯಷ್ಟು ಅಡ್ವಾನ್ಸ್ ಓನರ್ ಕೈಯಲ್ಲಿರುತ್ತದೆ. ಒಂದೋ ಎರಡೋ ತಿಂಗಳದ್ದನ್ನು ಅದರಲ್ಲಿ ಮುರಿದುಕೊಳ್ಳಿ ಎಂದು ಕೇಳುವುದು ಭಿಕ್ಷೆ ಅಲ್ಲ, ಅದು ನಿಮ್ಮದೇ ಹಣ. ಒಪ್ಪಿದರೆ ವಾಟ್ಸ್‌ಆ್ಯಪ್‌ನಲ್ಲಾದರೂ ಒಂದು ಸಾಲು ಬರೆದಿಟ್ಟುಕೊಳ್ಳಿ. ಹುಷಾರಾದ ಮೇಲೆ ಅಡ್ವಾನ್ಸ್ ತುಂಬಿಸಿಕೊಟ್ಟರೆ ಮುಂದಿನ ಸಲಕ್ಕೂ ಆ ಬಾಗಿಲು ತೆರೆದಿರುತ್ತದೆ.

ಕ್ಯಾಲೆಂಡರಿನಲ್ಲಿ ಕರೆಂಟಿನ ಹೆಸರು ಇರಲಿಲ್ಲ, ಗಮನಿಸಿರಬಹುದು. 2023ರ ಆಗಸ್ಟಿನಿಂದ ಗೃಹಜ್ಯೋತಿ ಅಷ್ಟು ಭಾರ ಇಳಿಸಿದೆ. ಬಾಡಿಗೆದಾರರಿಗೂ ಅದು ಸಿಗುತ್ತದೆ. 200 ಯೂನಿಟ್ ದಾಟಿದರೆ ಮಾತ್ರ ಪೂರ್ತಿ ಬಿಲ್ಲು ಕಟ್ಟಬೇಕು, ಇಡೀ ದಿನ ಮನೆಯಲ್ಲಿ ಮಲಗುವ ತಿಂಗಳಲ್ಲಿ ಮೀಟರ್ ಮೇಲೆ ಒಂದು ಕಣ್ಣಿರಲಿ. ಯೋಜನೆಯ ಹೊರಗಿರುವವರಿಗೆ 2003ರ ವಿದ್ಯುತ್ ಕಾಯ್ದೆಯ 56ನೇ ಕಲಂ ಇದೆ: ಬಾಕಿಗಾಗಿ ಸಂಪರ್ಕ ಕಡಿಯುವ ಮೊದಲು 15 ದಿನಗಳ ಲಿಖಿತ ನೋಟಿಸ್ ಕೊಡಲೇಬೇಕು. ಗೃಹಲಕ್ಷ್ಮಿಯ ಎರಡು ಸಾವಿರ, ರೇಷನ್ ಅಕ್ಕಿ ಬೇರೆ ತಿಂಗಳಲ್ಲಿ ಆಸರೆ. ಈ ತಿಂಗಳಲ್ಲಿ ಅವೇ ಊಟ. 'ಬಿಟ್ಟಿ ಭಾಗ್ಯ' ಎಂದು ಹಳಿಯುವವರು ಸಂಬಳ ನಿಂತ ಒಂದು ಮನೆಯನ್ನು ಒಳಹೊಕ್ಕು ನೋಡಲಿ.

ಮಾತ್ರೆಯ ಖರ್ಚಿಗೆ ಜನೌಷಧಿ ಕೇಂದ್ರ ಇದೆ. ಬಿಪಿ, ಸಕ್ಕರೆ ಕಾಯಿಲೆಯ ದಿನನಿತ್ಯದ ಮಾತ್ರೆಗಳು ಅಲ್ಲಿ ಅರ್ಧಕ್ಕಿಂತ ಕಡಿಮೆಗೆ ಸಿಗುತ್ತವೆ. ದುಡ್ಡಿಲ್ಲವೆಂದು ಮಾತ್ರೆ ನಿಲ್ಲಿಸಿ ಮತ್ತೆ ಮಲಗುವವರು ಎಷ್ಟೋ ಮಂದಿ.

ಎಲ್‌ಐಸಿ ಕಂತು ತಪ್ಪಿದರೆ ಗಾಬರಿ ಬೇಡ. ತಿಂಗಳ ಕಂತಿಗೆ 15 ದಿನ, ಉಳಿದವಕ್ಕೆ 30 ದಿನ ಹೆಚ್ಚುವರಿ ಗಡುವು ಇದೆ. ಆರೋಗ್ಯ ವಿಮೆ ಇದ್ದವರು ಮಾತ್ರ ಅದನ್ನು ತಪ್ಪಿಸಲೇಬಾರದು, ಸಾಲ ಮಾಡಿಯಾದರೂ ಕಟ್ಟಬೇಕು.

ಬ್ಯಾಂಕ್ ಸಾಲದ ಕಂತು 90 ದಿನ ಬಾಕಿ ಉಳಿದರೆ ಸಾಲ ಎನ್‌ಪಿಎ, ಅಂದರೆ ವಸೂಲಾಗದ ಸಾಲ ಆಗುತ್ತದೆ. ಅಷ್ಟರೊಳಗೆ ಡಾಕ್ಟರ ಚೀಟಿ ಹಿಡಿದು ಬ್ರಾಂಚಿಗೆ ಹೋಗಿ, ಕಂತು ಮುಂದೂಡಿ ಅಥವಾ ಅವಧಿ ಹೆಚ್ಚಿಸಿ ಕಂತು ಇಳಿಸಿ ಎಂದು ಬರೆದುಕೊಡಿ. ಕೊಡಲೇಬೇಕು ಎಂಬ ನಿಯಮವಿಲ್ಲ, ಕೇಳಿದವರಿಗೆ ಸಿಕ್ಕಿದ್ದುಂಟು. ಕೇಳದೆ ಫೋನ್ ಆಫ್ ಮಾಡಿ ಕೂತವರಿಗೆ ಸಿಕ್ಕಿದ್ದಿಲ್ಲ.

ಸಾಲ ಮಾಡಲೇಬೇಕಾದರೆ, ಒಡವೆ ಇದ್ದವರು ಬ್ಯಾಂಕಿನಲ್ಲೋ ಸಹಕಾರ ಸಂಘದಲ್ಲೋ ಅಡವಿಡುವುದು ನೂರಕ್ಕೆ ಐದು, ಹತ್ತು ಬಡ್ಡಿಯ ಕೈಸಾಲಕ್ಕಿಂತ ಎಷ್ಟೋ ಮೇಲು. ತಿಂಗಳಿಗೆ ನೂರಕ್ಕೆ ಐದು ಎಂದರೆ ವರ್ಷಕ್ಕೆ ಅರವತ್ತು. ಫೋನಿನ ಲೋನ್ ಆ್ಯಪ್‌ಗಳ ಕಡೆ ತಲೆ ಹಾಕಲೇಬೇಡಿ.

ಚೀಟಿಯೇ ಇಲ್ಲದವರು

ಇಷ್ಟು ಹೇಳಿದ್ದೆಲ್ಲ ಪೇ ಸ್ಲಿಪ್ ಇರುವವರ ಮಾತು. ಸರ್ಕಾರಿ ನೌಕರರಿಗೆ ಗಳಿಕೆ ರಜೆಯ ಜೊತೆಗೆ ವರ್ಷಕ್ಕೆ 20 ದಿನ ಅರ್ಧ ವೇತನ ರಜೆ ಸೇರುತ್ತ ಹೋಗುತ್ತದೆ. ಅಂಗಡಿ, ಖಾಸಗಿ ಕಚೇರಿಗಳ ನೌಕರರಿಗೆ 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ಕಾಯಿಲೆಗೆ ವರ್ಷಕ್ಕೆ 12 ದಿನ ಸಂಬಳ ಸಹಿತ ರಜೆ ಇದೆ. 22,000 ಸಂಬಳದ ಅಕೌಂಟೆಂಟ್ ಇಎಸ್‌ಐ ಮಿತಿ ದಾಟಿದವನು; ಹದಿಮೂರನೇ ದಿನದಿಂದ ಅವನಿಗೆ ಕಾಯಿಲೆಯ ರಜೆ ಇಲ್ಲ. 21,000ದ ಮಿತಿ ಹಾಕಿದ್ದು 2017ರ ಜನವರಿಯಲ್ಲಿ. ಅಂದಿನ ಬಾಡಿಗೆ ಎಷ್ಟು, ಇಂದಿನದೆಷ್ಟು? ಆ ಮಿತಿ ಏರಲೇಬೇಕು.

ಆಟೋ ಓಡಿಸುವವನು, ಮನೆಗೆಲಸದಾಕೆ, ಗಾರೆಯವನು, ತರಕಾರಿ ಗಾಡಿಯಾಕೆ, ಬೈಕಿನಲ್ಲಿ ಊಟ ತಲುಪಿಸುವ ಹುಡುಗ, ಇವರಿಗೆ ಮೊದಲ ದಿನದಿಂದಲೇ ಏನೂ ಇಲ್ಲ. 2021ರಲ್ಲಿ ಬಂದ ಇ–ಶ್ರಮ್ ಕಾರ್ಡು ಹೆಸರು ನೋಂದಾಯಿಸುತ್ತದೆ, ಮಲಗಿದ ದಿನಕ್ಕೆ ಕೂಲಿ ಕೊಡುವುದಿಲ್ಲ. ಆಟೋದವನಿಗಂತೂ ನಷ್ಟ ಎರಡು ಕಡೆ: ದುಡಿಮೆ ಇಲ್ಲ, ಗಾಡಿಯ ಕಂತು ನಿಲ್ಲುವುದಿಲ್ಲ.

ಕ್ಷಯರೋಗದಲ್ಲಿ ಇದರ ಪರಿಣಾಮ ಕಣ್ಣಿಗೆ ಕಾಣುತ್ತದೆ. ಕನಿಷ್ಠ ಆರು ತಿಂಗಳು ಮಾತ್ರೆ ನುಂಗಬೇಕು. ಮಾತ್ರೆ ಉಚಿತ. ಪೌಷ್ಟಿಕ ಆಹಾರಕ್ಕೆ ನಿಕ್ಷಯ್ ಪೋಷಣ್ ಯೋಜನೆಯಲ್ಲಿ 2018ರಿಂದ ತಿಂಗಳಿಗೆ 500 ರೂಪಾಯಿ ಇತ್ತು, 2024ರ ನವೆಂಬರ್‌ನಿಂದ 1,000. ಮೊಟ್ಟೆ, ಬೇಳೆಗೆ ಅದು ಸಾಕಾದೀತು. ಬಾಡಿಗೆಗೆ? ಕೆಮ್ಮು ಸ್ವಲ್ಪ ಇಳಿದ ಕೂಡಲೇ ಮೂಟೆ ಹೊರಲು ಹೋಗುವವನಿಗೆ ಕಾಯಿಲೆಯ ತಿಳಿವಳಿಕೆ ಇಲ್ಲ ಎನ್ನುತ್ತೇವೆ. ಅವನಿಗೆ ಇಲ್ಲದಿರುವುದು ಆರು ತಿಂಗಳ ಬಾಡಿಗೆ.

ಇದಕ್ಕೆ ದಾರಿಯೇ ಇಲ್ಲವೆಂದಲ್ಲ. ಆಂಧ್ರಪ್ರದೇಶ 2019ರ ಡಿಸೆಂಬರಿನಲ್ಲಿ ಆರೋಗ್ಯ ಆಸರಾ ಎಂಬ ಯೋಜನೆ ಆರಂಭಿಸಿತು. ಅಲ್ಲಿನ ಉಚಿತ ಚಿಕಿತ್ಸಾ ಯೋಜನೆ ಆರೋಗ್ಯಶ್ರೀ ಅಡಿ ಆಪರೇಷನ್ ಮಾಡಿಸಿಕೊಂಡ ಬಡವರಿಗೆ ವಿಶ್ರಾಂತಿಯ ದಿನಗಳಲ್ಲಿ ದಿನಕ್ಕೆ 225 ರೂಪಾಯಿ, ತಿಂಗಳಿಗೆ 5,000 ಮೀರದಂತೆ, ಖಾತೆಗೆ ಹಾಕುವ ಯೋಜನೆ ಅದು. ದೊಡ್ಡ ಮೊತ್ತವಲ್ಲ. ಆದರೆ ಆಸ್ಪತ್ರೆಯಿಂದ ಬಿಡುಗಡೆಯಾದ ಮೇಲೂ ಕಾಯಿಲೆ ಇರುತ್ತದೆ ಎಂದು ಒಂದು ಸರ್ಕಾರ ಒಪ್ಪಿಕೊಂಡಿತಲ್ಲ, ಅದು ದೊಡ್ಡದು.

ನಮ್ಮಲ್ಲೂ ಅಡಿಪಾಯ ಸಿದ್ಧವಿದೆ. ಆರೋಗ್ಯ ಕರ್ನಾಟಕದಲ್ಲಿ ಯಾರಿಗೆ ಯಾವ ಆಪರೇಷನ್ ಆಯಿತು ಎಂಬ ದಾಖಲೆ ಇದೆ. ಗೃಹಲಕ್ಷ್ಮಿಯಿಂದಾಗಿ ಲಕ್ಷಾಂತರ ಮನೆಗಳ ಬ್ಯಾಂಕ್ ಖಾತೆ ಸರ್ಕಾರಕ್ಕೆ ಗೊತ್ತಿದೆ. 2025ರ ಗಿಗ್ ಕಾರ್ಮಿಕರ ಕಾಯ್ದೆಯಂತೆ ಆ್ಯಪ್ ಕಂಪನಿಗಳು ಕೆಲಸಗಾರರಿಗೆ ಕೊಡುವ ಹಣದ ಮೇಲೆ ಶೇ 1ರಿಂದ 5ರಷ್ಟು ಕಲ್ಯಾಣ ಶುಲ್ಕ ಕಟ್ಟಬೇಕು. ಆ ನಿಧಿಯ ಮೊದಲ ಖರ್ಚು ಕಾಯಿಲೆ ದಿನದ ಕೂಲಿಯಾಗಲಿ.

2020ರ ಮಾರ್ಚ್‌ನಲ್ಲಿ ಕೊರೊನಾ ಬಂದಾಗ ರಿಸರ್ವ್ ಬ್ಯಾಂಕ್ ಸಾಲದ ಕಂತುಗಳನ್ನು ಮೂರು ತಿಂಗಳು ಮುಂದೂಡಲು ಬ್ಯಾಂಕುಗಳಿಗೆ ಅವಕಾಶ ಕೊಟ್ಟಿತು, ಆಮೇಲೆ ಆಗಸ್ಟ್ ಕೊನೆಯವರೆಗೆ ಅದನ್ನು ವಿಸ್ತರಿಸಿತು. ಬಡ್ಡಿ ಬೆಳೆಯಿತು, ನಿಜ. ಆದರೂ ಕಾಯಿಲೆಯ ಕಾಲದಲ್ಲಿ ಕಂತು ನಿಂತರೆ ಬ್ಯಾಂಕ್ ಮುಳುಗುವುದಿಲ್ಲ ಎಂದು ಆಗ ಕಂಡೆವು. ಊರಿಗೆಲ್ಲ ಬಂದ ಕಾಯಿಲೆಗೆ ಸಿಕ್ಕ ಆ ವಿನಾಯಿತಿ, ವೈದ್ಯರ ಚೀಟಿ ಇರುವ ಒಂದೊಂದು ಮನೆಗೂ ಎರಡು ಮೂರು ಕಂತುಗಳ ಮಟ್ಟಿಗೆ ಹಕ್ಕಾಗಿ ಸಿಗಬೇಕು.

ಸರ್ಕಾರ, ರಿಸರ್ವ್ ಬ್ಯಾಂಕ್ ಮಾಡಬೇಕಾದ್ದು ಅದು. ಈ ಪುರವಣಿ ಓದುತ್ತಿರುವವರಲ್ಲಿ ಅನೇಕರ ಮನೆಗೆ ಪಾತ್ರೆ ತೊಳೆಯಲು, ಕಸ ಗುಡಿಸಲು, ಅಡುಗೆ ಮಾಡಲು ಒಬ್ಬ ಹೆಣ್ಣುಮಗಳು ಬರುತ್ತಾಳೆ. ಆಕೆಗೆ ಇಎಸ್‌ಐ ಇಲ್ಲ, ಪಿಎಫ್ ಇಲ್ಲ; ಆಕೆಯ ಪಾಲಿನ ಕಾನೂನು, ಕಚೇರಿ ಎಲ್ಲ ನೀವೇ. ಈ ಮಳೆಗಾಲದಲ್ಲಿ ಆಕೆ ಜ್ವರ ಬಂದು ಹತ್ತು ದಿನ ಬಾರದಿದ್ದರೆ, ದಯವಿಟ್ಟು ಆ ಹತ್ತು ದಿನದ ಸಂಬಳ ಹಿಡಿಯಬೇಡಿ. ಹಿಡಿಯುವುದಿಲ್ಲ ಎಂಬುದನ್ನು ಆಕೆಗೆ ಇವತ್ತೇ ಹೇಳಿಬಿಡಿ.